ಭಾವನ ವೈನ್ ಟೈಮ್‌ಟೇಬಲ್

ನಮ್ಮ ಭಾವ ಕಾಲೇಜಿನಲ್ಲಿ ಪಾಠ ಮಾಡಿದ್ದು ಕಡಿಮೆ, ಟೈಮ್‌ಟೇಬಲ್ ಹಾಕಿದ್ದೇ ಹೆಚ್ಚು. ಹೆಸರಿಗೆ ಭೂಗೋಳದ ಮೇಷ್ಟ್ರು. ಆದರೆ ಯಾವ ಮೇಷ್ಟ್ರು ಯಾವ ಕೋಣೆಯಲ್ಲಿ ಎಷ್ಟು ಹೊತ್ತಿಗೆ ಯಾರ ತಲೆ ತಿನ್ನಬೇಕು ಎಂದು ತೀರ್ಮಾನಿಸುವ ಅಧಿಕಾರ ಕೈಗೆ ಬಂದಮೇಲೆ ಅವರಿಗೆ ನದಿ ಬೆಟ್ಟಗಳ ಮೇಲಿನ ಆಸಕ್ತಿ ಹೊರಟುಹೋಯಿತು. ಪ್ರಿನ್ಸಿಪಾಲರು ಬಂದರು, ಹೋದರು. ಸ್ಟಾಫ್ ರೂಮಿನ ಗೋಡೆಯ ಮೇಲೆ ಭಾವನ ಬಣ್ಣಬಣ್ಣದ ಚೌಕಗಳು ಮಾತ್ರ ಅಲ್ಲಾಡಲಿಲ್ಲ. ಕೊನೆಗೊಂದು ದಿನ ಅವರಿಗೂ ವಯಸ್ಸಾಗುತ್ತದೆ ಎಂದು ಆಡಳಿತದವರು ಕಂಡುಹಿಡಿದರು. ಬೀಳ್ಕೊಡುಗೆಗೆ ಸಹೋದ್ಯೋಗಿಗಳು ಗೋಡೆ ಗಡಿಯಾರ ಕೊಟ್ಟರು. ಇನ್ನು ಮುಂದೆ ಯಾವ ಗಂಟೆಗೂ ಏನೂ ಕೆಲಸವಿಲ್ಲದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇರಲಾರದು.

ಮನೆಗೆ ಬಂದಮೇಲೆ ಟೈಮ್‌ಟೇಬಲ್ ಹಾಕಲು ಅವರಿಗೆ ಸಿಕ್ಕಿದ್ದು ಒಂದೇ ಜೀವ, ನಮ್ಮಕ್ಕ. ಅಕ್ಕ ಸೊಪ್ಪು ಹಾಕಲಿಲ್ಲ. ಮನೆಯ ಕೆಳಗಡೆ ಬೀದಿಗೆ ಮುಖಮಾಡಿ ಅವಳ ಸ್ವಂತ ಬೇಕರಿ ಇದೆ. ಹಿಟ್ಟು ಉಬ್ಬುವುದಕ್ಕೆ, ಓವನ್ ಕಾಯುವುದಕ್ಕೆ ಅವುಗಳದ್ದೇ ಹೊತ್ತು ಇರುತ್ತದೆ, ಅದರ ನಡುವೆ ನಿಮ್ಮ ಗಂಟೆ ಬಾರಿಸಬೇಡಿ ಎಂದು ಮೊದಲ ವಾರದಲ್ಲೇ ಹೇಳಿಬಿಟ್ಟಳು. ಅಲ್ಲಿ ಭಾವನಿಗೆ ಇದ್ದದ್ದು ಒಂದೇ ಹುದ್ದೆ. ಮದುವೆಯಾದಾಗಿನಿಂದ ನಡೆದುಬಂದದ್ದು: ಬೆಳಗಿನ ಮೊದಲ ಟ್ರೇ ಹೊರಗೆ ಬಂದಕೂಡಲೇ ಒಂದು ತುಂಡು ಮಹಡಿಗೆ ಹೋಗಬೇಕು, ಭಾವ ಅದನ್ನು ಮೂಸಬೇಕು, ಕಚ್ಚಬೇಕು, ಕಣ್ಣುಮುಚ್ಚಿ ಅಗಿಯಬೇಕು, ತೀರ್ಪು ಕೊಡಬೇಕು. ಅಲ್ಲಿಯವರೆಗೆ ಒಂದು ಬನ್ನೂ ಗಾಜಿನ ಕಪಾಟು ಸೇರುವಂತಿಲ್ಲ. ಇಡೀ ದಿನ ಓವನ್ ಮುಂದೆ ನಿಂತವಳ ಮೂಗು ತನ್ನ ಸಾಮಾನಿಗೇ ಒಗ್ಗಿಹೋಗಿರುತ್ತದೆ, ಹೊರಗಿನವರೊಬ್ಬರು ಬೇಕು ಅನ್ನುವುದು ಅಕ್ಕನ ವಾದ. ಭಾವನ ನಾಲಿಗೆಯ ಮೇಲೆ ಅವಳಿಗೆ ಎಷ್ಟು ನಂಬಿಕೆ ಅಂದರೆ, ಅವರು ಮುಖ ಸಿಂಡರಿಸಿದರೆ ಟ್ರೇಗೆ ಟ್ರೇಯನ್ನೇ ಕಸಕ್ಕೆ ಸುರಿಯುತ್ತಿದ್ದಳು. ನಾನು ಅವರನ್ನು ಹಿಂದಿನಿಂದ ‘ಸುಪ್ರೀಂ ಕೋರ್ಟು’ ಅನ್ನುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಈ ಸುಪ್ರೀಂ ಕೋರ್ಟಿಗೆ ಜ್ವರ ಬಂತು. ಮಲಗಿದರು, ಕೆಮ್ಮಿದರು, ಎದ್ದರು. ಎದ್ದಮೇಲೆ ಅವರಲ್ಲಿ ಒಂದು ವಿಚಿತ್ರ ಬದಲಾವಣೆ ಕಂಡಿತು. ಅಕ್ಕ ಏನು ಕೊಟ್ಟರೂ ಚೆನ್ನಾಗಿದೆ ಅನ್ನತೊಡಗಿದರು. ಮುಂಚೆ ವಾರಕ್ಕೊಮ್ಮೆಯಾದರೂ ತಪ್ಪು ಹುಡುಕದಿದ್ದರೆ ನಿದ್ದೆ ಬಾರದ ಮನುಷ್ಯ. ವಯಸ್ಸಾದಮೇಲೆ ಮೆತ್ತಗಾದರು ಅಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡು ಖುಷಿಪಟ್ಟಳು. ಖುಷಿಗೆ ಸರಿಯಾಗಿ ವ್ಯಾಪಾರ ಇಳಿಯಿತು. ಎದುರುಮನೆ ಟೀಚರ್ ಕೇಕು ತಗೊಳ್ಳುವುದನ್ನು ಬಿಟ್ಟರು. ಆಸ್ಪತ್ರೆ ಕ್ಯಾಂಟೀನಿನವರು ಬನ್ನು ಬೇಡ ಎಂದರು. ಕಾರಣ ಕೇಳಿದರೆ ಏನೋ ಹಳೇ ವಾಸನೆ ಎಂದು ಗೊಣಗಿದರು. ಅಕ್ಕ ಪುನಃ ಮಾಡಿದಳು, ಭಾವನಿಗೆ ಕೊಟ್ಟಳು, ಭಾವ ಕಣ್ಣುಮುಚ್ಚಿ ಅಗಿದು ಭೇಷ್ ಎಂದರು. ಹಾಗಾದರೆ ಜನಕ್ಕೇ ತನ್ನ ಕೈಯಡಿಗೆ ಸಾಕಾಗಿದೆ ಎಂದು ಅಕ್ಕ ತೀರ್ಮಾನಿಸಿಕೊಂಡಳು. ಅಂಗಡಿಯನ್ನು ಬಾಡಿಗೆಗೆ ಕೊಟ್ಟುಬಿಡೋಣವೇ ಎಂದು ನನ್ನನ್ನು ಕೇಳತೊಡಗಿದಳು.

ನಾನು ಲಿಫ್ಟ್ ರಿಪೇರಿ ಮಾಡುವವನು. ನಡುವೆ ಸಿಕ್ಕಿಕೊಂಡವರನ್ನು ಮೇಲಕ್ಕೋ ಕೆಳಕ್ಕೋ ಮುಟ್ಟಿಸುವುದು ಗೊತ್ತು. ಬೇಕರಿ ವಿಷಯದಲ್ಲಿ ನನ್ನ ಸಲಹೆಗೆ ಕವಡೆ ಕಿಮ್ಮತ್ತಿಲ್ಲ.

ಇಂಥ ಹೊತ್ತಿನಲ್ಲಿ ಒಂದು ಭಾನುವಾರ ಭಾವ ನನ್ನನ್ನೂ ನನ್ನ ಹೆಂಡತಿಯನ್ನೂ ಊಟಕ್ಕೆ ಕರೆದು, ಕೈ ತೊಳೆದಮೇಲೆ ಗಂಟಲು ಸರಿಪಡಿಸಿಕೊಂಡು, ನಾವೆಲ್ಲ ಒಂದು ದಿನ ವೈನ್ ರುಚಿ ನೋಡಲು ಹೋಗುತ್ತಿದ್ದೇವೆ ಎಂದು ಘೋಷಿಸಿದರು. ಊರಾಚೆ ದ್ರಾಕ್ಷಿ ತೋಟಗಳ ಕಡೆ ಸಾಲಾಗಿ ವೈನರಿಗಳಿವೆಯಂತೆ. ಬೆಳಿಗ್ಗೆ ಹೊರಟು, ಒಂದಾದ ಮೇಲೊಂದು ನೋಡಿಕೊಂಡು, ಸಂಜೆಗೆ ವಾಪಸ್ಸು. ಜೀವಮಾನದಲ್ಲಿ ಕೆಮ್ಮಿನ ಔಷಧಿಗಿಂತ ಖಾರವಾದದ್ದನ್ನು ಕುಡಿಯದ ಮನುಷ್ಯ ಹೀಗೆ ಹೇಳಿದಾಗ ನಾವು ಮೂಗಿನ ಮೇಲೆ ಬೆರಳಿಟ್ಟುಕೊಂಡೆವು. ಅಕ್ಕನ ಮುಖ ನೋಡಿದೆ. ಹೇಗೂ ವ್ಯಾಪಾರವಿಲ್ಲ, ಒಂದು ದಿನ ಬಾಗಿಲು ಹಾಕಿದರೆ ಯಾರು ಅಳುತ್ತಾರೆ ಎಂದಳು. ನನಗೆ ಹೊಟ್ಟೆಯ ಹುಳಿ ಜಾಸ್ತಿ. ಡಾಕ್ಟರು ಕುಡಿಯುವುದನ್ನೆಲ್ಲ ಬಿಡಿಸಿದ್ದಾರೆ. ಹಾಗಾಗಿ ಗಾಡಿ ಓಡಿಸುವ ಗೌರವ ನನಗೆ ತಾನಾಗಿ ಒಲಿಯಿತು.

ನಿಜವಾಗಿ ಸಂತೋಷವಾದದ್ದು ನನ್ನ ಹೆಂಡತಿಗೊಬ್ಬಳಿಗೇ. ಅವಳು ಎಕ್ಸ್‌ರೇ ತೆಗೆಯುವ ಕೆಲಸದವಳು. ಹಗಲೆಲ್ಲ ಜನರ ಮೂಳೆ ನೋಡುತ್ತಾಳಾದ್ದರಿಂದ ಮೇಲಿನ ಚರ್ಮದ ನಾಟಕಕ್ಕೆ ಬೇಗ ಮರುಳಾಗುವುದಿಲ್ಲ. ಅವಳಿಗೆ ವೈನ್ ಇಷ್ಟ. ಯಾಕೆ ಇಷ್ಟ ಎಂದು ಕೇಳಿದರೆ, ಚೆನ್ನಾಗಿರುತ್ತೆ ಅದಕ್ಕೆ ಅನ್ನುತ್ತಾಳೆ. ಭಾವನ ಕಣ್ಣಿಗೆ ಇದು ಅವಿದ್ಯಾವಂತರ ಉತ್ತರ.

ಆಮೇಲೆ ಶುರುವಾಯಿತು ತಯಾರಿ. ಮನುಷ್ಯರು ಮದುವೆಗೂ ಇಷ್ಟು ತಯಾರಿ ಮಾಡುವುದಿಲ್ಲ. ಊಟದ ಮೇಜಿನ ಮೇಲೆ ಭೂಪಟ ಹರಡಿತು. ಬಣ್ಣದ ಪೆನ್ಸಿಲುಗಳು ಹೊರಬಂದವು. ದಿನವನ್ನು ಪೀರಿಯಡ್ಡುಗಳಾಗಿ ಕತ್ತರಿಸಲಾಯಿತು: ಮೊದಲು ಬಿಳಿ ವೈನ್, ಆಮೇಲೆ ಗುಲಾಬಿ ಬಣ್ಣದ್ದು, ಊಟದ ಬಿಡುವಾದಮೇಲೆ ಕೆಂಪು. ಕೆಂಪನ್ನು ಮೊದಲು ಕುಡಿದರೆ ಬಿಳಿಯದರ ಸೂಕ್ಷ್ಮ ಗೊತ್ತಾಗುವುದಿಲ್ಲವಂತೆ. ಲೆಕ್ಕದ ಪೀರಿಯಡ್ ಆದಮೇಲೆ ಸಂಗೀತದ ಪೀರಿಯಡ್ ಹಾಕಬಾರದು, ಅದೇ ತತ್ವ ಎಂದು ವಿವರಿಸಿದರು. ಬರೆದರು, ಅಳಿಸಿದರು, ಪುನಃ ಬರೆದರು. ವೈನರಿಗಳಿಗೆ ಫೋನ್ ಮಾಡಿ, ಮಧ್ಯಾಹ್ನದ ಬಿಸಿಲು ರುಚಿ ನೋಡುವ ಕೋಣೆಯ ಯಾವ ಕಿಟಕಿಯಿಂದ ಬೀಳುತ್ತದೆ ಎಂದು ವಿಚಾರಿಸಿದರು. ಒಂದು ಕಡೆಯವರು ಉತ್ತರ ಕೊಡುವ ಮೊದಲು ತಾವು ಆರೋಗ್ಯ ಇಲಾಖೆಯವರೇ ಎಂದು ಕೇಳಿದರಂತೆ. ಭಾವ ಇಲ್ಲ ಅನ್ನಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಹೋಗಲಿ ಅನ್ನಬಹುದಿತ್ತು. ರಿಹರ್ಸಲ್ ಕೂಡ ಇಟ್ಟರು. ರುಚಿ ನೋಡುವವರು ವೈನನ್ನು ನುಂಗುವುದಿಲ್ಲ, ಬಾಯಲ್ಲಿ ಆಡಿಸಿ ಉಗುಳುತ್ತಾರೆ, ಅದಕ್ಕೆ ಅಲ್ಲಿ ಪಾತ್ರೆ ಇಟ್ಟಿರುತ್ತಾರೆ ಎಂದು ಎಲ್ಲೋ ಓದಿದ್ದರು. ನೆಲಕ್ಕೆ ಚೆಲ್ಲಿ ಮರ್ಯಾದೆ ಕಳೆದುಕೊಳ್ಳಬಾರದಲ್ಲ. ಹಿತ್ತಲಿನಲ್ಲಿ ಬಕೆಟ್ ಇಟ್ಟು, ನಮಗೆಲ್ಲ ಲೋಟದಲ್ಲಿ ನೀರು ಕೊಟ್ಟು, ಸಾಲಾಗಿ ನಿಲ್ಲಿಸಿದರು. ಸದ್ದಾಗಬಾರದು, ಸಿಡಿಯಬಾರದು, ಧಾರೆ ತೆಳ್ಳಗೆ ಒಂದೇ ಸಮ ಬೀಳಬೇಕು. ಮೊದಲು ತಾವೇ ಉಗುಳಿ ತೋರಿಸಿದರು. ಅಂಗಿಯ ಮುಂಭಾಗವೆಲ್ಲ ಒದ್ದೆಯಾಯಿತು. ಇದು ತಪ್ಪು ಮಾದರಿ ಎಂದರು. ಅಕ್ಕನದು ಬಕೆಟ್ಟಿಗೆ ನೇರ ಬಿತ್ತು. ನನ್ನದು ಬಕೆಟ್ಟಿನ ಅಂಚಿಗೆ ಬಿತ್ತು. ನನ್ನ ಹೆಂಡತಿ ಲೋಟದ ನೀರನ್ನು ಗಟಗಟ ಕುಡಿದು, “ಅಣ್ಣ, ಉಗುಳೋಕೆ ಅಷ್ಟು ದೂರ ಯಾಕೆ ಹೋಗ್ಬೇಕು?” ಅಂದಳು. ಭಾವ ಅವಳನ್ನು ಹಿಂದಿನ ಬೆಂಚಿನವರನ್ನು ನೋಡುವ ಹಾಗೆ ನೋಡಿದರು.

ಇದರ ಜೊತೆಗೆ ಮೂಗಿನ ವ್ಯಾಯಾಮ. ಮಹಡಿಯ ಕಿಟಕಿಯ ಕಟ್ಟೆಯ ಮೇಲೆ ಸಣ್ಣ ಗಾಜಿನ ಬಾಟಲಿಗಳ ಸಾಲು. ಒಂದರಲ್ಲಿ ಲವಂಗ, ಒಂದರಲ್ಲಿ ಕಿತ್ತಳೆ ಸಿಪ್ಪೆ, ಒಂದರಲ್ಲಿ ಕಾಫಿಪುಡಿ, ಇನ್ನೊಂದರಲ್ಲಿ ಪೆನ್ಸಿಲ್ ಹೆರೆದ ಸಿಪ್ಪೆ, ಕೊನೆಯದರಲ್ಲಿ ಅವರ ಹಳೇ ಬೂಟಿನಿಂದ ಕತ್ತರಿಸಿದ ಚರ್ಮದ ಚೂರು. ವೈನಿನಲ್ಲಿ ಇವೆಲ್ಲದರ ಪರಿಮಳ ಇರುತ್ತದಂತೆ. ಬೂಟಿನ ಪರಿಮಳ ಬೇಕಿದ್ದವರು ಬೂಟನ್ನೇ ನೆಕ್ಕಬಹುದಲ್ಲ ಎಂದು ನನಗನ್ನಿಸಿತು. ಆದರೆ ನಾನು ಡ್ರೈವರು, ಸುಮ್ಮನಿದ್ದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಭಾವ ಅವುಗಳ ಮುಂದೆ ನಿಂತು, ಒಂದೊಂದನ್ನೇ ಮೂಗಿಗೆ ಒತ್ತಿಕೊಂಡು, ಉಸಿರು ಎಳೆದು, ತುಂಬ ಹೊತ್ತು ಕಾಯುತ್ತಿದ್ದರು. ಬಸ್ಸು ಬರುತ್ತದೆಯೋ ಇಲ್ಲವೋ ಎಂದು ಸ್ಟಾಪಿನಲ್ಲಿ ನಿಂತವರ ಮುಖ ಇರುತ್ತದಲ್ಲ, ಅಂಥದ್ದು. ಒಂದು ಸಲ ನಮ್ಮೆಲ್ಲರ ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷೆ ಮಾಡಿದರು. ಅಕ್ಕ ಒಂದನ್ನೂ ತಪ್ಪದೆ ಹೇಳಿದಳು. ಬೂಟು ಎಡಗಾಲಿನದೋ ಬಲಗಾಲಿನದೋ ಎಂದು ಕೇಳಿದ್ದರೆ ಅದನ್ನೂ ಹೇಳುತ್ತಿದ್ದಳೇನೋ. ಈಗ ನಿಮ್ಮ ಸರದಿ ಎಂದು ಅವಳು ಬಟ್ಟೆ ತೆಗೆದುಕೊಂಡಾಗ ಭಾವ ಹಿಂದೆ ಸರಿದರು. ಪ್ರಶ್ನೆಪತ್ರಿಕೆ ತೆಗೆದವನೇ ಪರೀಕ್ಷೆ ಬರೆಯುವ ಪದ್ಧತಿ ಎಲ್ಲೂ ಇಲ್ಲ ಎಂದರು. ಮಾತಿನಲ್ಲಿ ಅವರನ್ನು ಸೋಲಿಸಿದವರು ಇನ್ನೂ ಹುಟ್ಟಿಲ್ಲ.

ಹೊರಟ ದಿನ ಎಲ್ಲ ಟೈಮ್‌ಟೇಬಲ್ ಪ್ರಕಾರವೇ ನಡೆಯಿತು, ಮನೆಯ ಗೇಟಿನವರೆಗೆ. ಗೇಟು ದಾಟಿದಮೇಲೆ ನನ್ನ ಹೆಂಡತಿಗೆ ಕನ್ನಡಕ ಮರೆತದ್ದು ನೆನಪಾಯಿತು. ಭಾವ ಹಿಂದಿನ ಸೀಟಿನಲ್ಲಿ ಪೀರಿಯಡ್ಡುಗಳನ್ನು ಮುಂದಕ್ಕೆ ತಳ್ಳುತ್ತ ಕೂತರು. ಊರು ಮುಗಿದು ದಾರಿ ಸಣ್ಣದಾಯಿತು. ಎರಡೂ ಕಡೆ ಕಂಬ ನೆಟ್ಟು ತಂತಿ ಎಳೆದು ಹಬ್ಬಿಸಿದ ದ್ರಾಕ್ಷಿ ಬಳ್ಳಿಗಳು, ಇಳಿಜಾರಿನ ಮೇಲೆ ಬಾಚಿ ತೆಗೆದ ಬೈತಲೆಯ ಹಾಗೆ ಸಾಲುಗಳು. ಅಕ್ಕ ಕಿಟಕಿ ಇಳಿಸಿ ಮುಖ ಹೊರಗೆ ಹಾಕಿ, ಹಸಿಮಣ್ಣಿನ ವಾಸನೆ ಎಷ್ಟು ಚೆನ್ನಾಗಿದೆ ನೋಡಿ ಎಂದಳು. ಬಹಳ ಚೆನ್ನಾಗಿದೆ ಎಂದರು ಭಾವ. ಅವರ ಕಡೆಯ ಕಿಟಕಿ ಮುಚ್ಚಿತ್ತು.

ಮೊದಲ ವೈನರಿಯಲ್ಲಿ ನಮ್ಮನ್ನು ಕಾದಿದ್ದವನು ಕೂದಲಿಗೆ ಎಣ್ಣೆಯಂಥದ್ದೇನೋ ಮೆತ್ತಿಕೊಂಡ ತರುಣ. ವೈನ್ ಬಗ್ಗೆ ಅವನು ಮಾತಾಡಿದ್ದು ಕೇಳಿದರೆ ಅದು ದ್ರಾಕ್ಷಿಯಿಂದ ಮಾಡಿದ್ದು ಎಂದು ಯಾರಿಗೂ ಅನುಮಾನ ಬರುವಂತಿರಲಿಲ್ಲ. ಅದರಲ್ಲಿ ಸೀಬೆಹಣ್ಣು ಇತ್ತು, ಒಣಹುಲ್ಲು ಇತ್ತು, ಒದ್ದೆ ಕಲ್ಲು ಇತ್ತು, ಮುಂಜಾನೆಯ ಲಜ್ಜೆ ಇತ್ತು. ಇನ್ನೊಬ್ಬರಾದರೆ ಸುಸ್ತಾಗಿಬಿಡುತ್ತಿದ್ದರು. ನಮ್ಮ ಭಾವ ಲೋಟವನ್ನು ತಿರುಗಿಸಿ ಮೂಸಿ, ಬೇಲಿಯಾಚೆಯ ಯಾವುದೋ ಬಿಳಿ ಹೂವಿನ ನೆನಪೂ ಇದೆಯಲ್ಲ ಎಂದರು. ತರುಣ ಬೆಚ್ಚಿಬಿದ್ದು ತಾನೂ ಇನ್ನೊಮ್ಮೆ ಮೂಸಿ, ಹೌದು ಸಾರ್, ಇದೆ ಎಂದು ಒಪ್ಪಿಕೊಂಡ. ಇಬ್ಬರೂ ಅಷ್ಟು ಗೌರವದಿಂದ ತಲೆಯಾಡಿಸುತ್ತಿದ್ದರೆ ಅಕ್ಕ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ಎರಡನೆಯ ಕಡೆಯೂ ಇದೇ ಕಥೆ. ಅಲ್ಲಿ ಭಾವನಿಗೆ ಗುಲಾಬಿ ವೈನಿನಲ್ಲಿ ಒಂದು ಹಳೆಯ ಮೇಜಿನ ಡ್ರಾಯರ್ ಸಿಕ್ಕಿತು. ಪಕ್ಕದ ಮೇಜಿನ ಪ್ರವಾಸಿಗಳು ತಮ್ಮ ಲೋಟದಲ್ಲೂ ಡ್ರಾಯರ್ ಹುಡುಕತೊಡಗಿದರು. ನನ್ನ ಹೆಂಡತಿ ಏನನ್ನೂ ಹುಡುಕಲಿಲ್ಲ, ಏನನ್ನೂ ಉಗುಳಲಿಲ್ಲ.

ಊಟದ ಬಿಡುವಾದಮೇಲೆ ಮೂರನೆಯದಕ್ಕೆ ಹೋದೆವು. ಅದು ಸಣ್ಣ ಜಾಗ. ಕಲ್ಲಿನ ಗೋಡೆಯ ತಂಪು ಕೋಣೆ, ಒಂದು ಬದಿಯಲ್ಲಿ ಮರದ ಪೀಪಾಯಿಗಳು, ಮಧ್ಯೆ ಉದ್ದನೆಯ ಮೇಜು. ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಒಡತಿಯೇ ಬಡಿಸಲು ನಿಂತಿದ್ದಳು. ಗಮ್‌ಬೂಟು ಹಾಕಿಕೊಂಡ, ಹೆಚ್ಚು ಮಾತಿಲ್ಲದ ಹೆಂಗಸು. ಕೆಂಪು ವೈನಿನ ಬಾಟಲಿಯ ಬಿರಡೆ ತೆಗೆದು ಮೊದಲ ಲೋಟ ಭಾವನಿಗೆ ಹಾಕಿದಳು, ಆಮೇಲೆ ಅಕ್ಕನಿಗೆ. ಅಷ್ಟರಲ್ಲಿ ಹೊರಗೆ ಯಾರೋ ಕರೆದರೆಂದು ಬಾಗಿಲ ಕಡೆ ಹೋದಳು.

ಭಾವ ಲೋಟವನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಮೂಗನ್ನು ಒಳಗೆ ಇಳಿಸಿ ಕಣ್ಣು ಮುಚ್ಚಿದರು. ಕಪ್ಪು ಹಣ್ಣು, ಲವಂಗ, ಹಿಂದೆ ಎಲ್ಲೋ ಮೆಲ್ಲಗೆ ಹೊಸ ಚರ್ಮ. ಇಡೀ ದಿನದಲ್ಲಿ ಇಷ್ಟು ಸ್ವಚ್ಛವಾದ ವೈನ್ ಸಿಕ್ಕಿರಲಿಲ್ಲ ಎಂದರು.

ಅಕ್ಕ ತನ್ನ ಲೋಟವನ್ನು ಮೂಗಿನ ಹತ್ತಿರ ತಂದವಳೇ ದೂರ ಹಿಡಿದಳು. ಪುನಃ ಹತ್ತಿರ ತಂದಳು. ನನ್ನ ಹೆಂಡತಿ ಅದನ್ನು ಇಸಿದುಕೊಂಡು ಮೂಸಿ, ಮಳೆಯಲ್ಲಿ ನೆನೆದು ಮೂಲೆಯಲ್ಲಿ ಕೊಳೆತ ಗೋಣಿಚೀಲ ಎಂದಳು. ನನಗೂ ಕೊಟ್ಟಳು. ಮುಗ್ಗಲು ನಾತ ಮೂಗಿಗೆ ಬಡಿಯಿತು. ಅಷ್ಟರಲ್ಲಿ ಒಡತಿ ವಾಪಸ್ಸು ಬಂದು, ನಮ್ಮ ಮುಖ ನೋಡಿ, ಬಾಟಲಿಯ ಬಾಯಿಗೆ ಮೂಗು ಹಿಡಿದು, ಬಿರಡೆ ಕೆಟ್ಟು ವೈನಿಗೂ ಮುಗ್ಗಲು ಹಿಡಿದಿದೆ, ಕೆಲವು ಸಲ ಹೀಗಾಗುತ್ತದೆ, ಬೇರೆ ತರುತ್ತೇನೆ, ತಪ್ಪು ತಿಳಿಯಬೇಡಿ ಎಂದಳು. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಭಾವ ಬಿಡಲಿಲ್ಲ. ಇದು ಕೆಟ್ಟದ್ದಲ್ಲ, ಈ ವೈನಿನ ಗುಣವೇ ಇದು, ಅಭ್ಯಾಸವಿಲ್ಲದವರಿಗೆ ಹಾಗನ್ನಿಸುತ್ತದೆ ಎಂದು ವೈನ್ ಮಾಡಿದವಳಿಗೇ ಪಾಠ ಹೇಳತೊಡಗಿದರು. ಅವಳು ಎರಡು ಕ್ಷಣ ಅವರನ್ನು ನೋಡಿ, ಬಾಟಲಿ ತೆಗೆದುಕೊಂಡು ಒಳಗೆ ಹೋದಳು.

ಅಕ್ಕ ಮಾತ್ರ ಅವರನ್ನು ನೋಡುತ್ತಲೇ ಇದ್ದಳು. ಬೇಯುತ್ತಿರುವುದನ್ನು ಓವನಿನ ಗಾಜಿನಾಚೆಯಿಂದ ನೋಡುತ್ತಾಳಲ್ಲ, ಹಾಗೆ. ಆಮೇಲೆ ಕುರ್ಚಿ ಎಳೆದುಕೊಂಡು ಅವರ ಎದುರು ಕೂತಳು.

“ಕಣ್ಣು ಮುಚ್ಚಿ,” ಅಂದಳು.

“ಯಾಕೆ ಈಗ?”

“ಮುಚ್ಚಿ ಅಂದ್ರೆ ಮುಚ್ಚಿ.”

ಭಾವ ಮುಚ್ಚಿದರು. ಅಕ್ಕ ತನ್ನ ಚೀಲವನ್ನು ತೆರೆದು ಮುಚ್ಚಿದ ಸದ್ದು ಮಾಡಿದಳು. ಬಲಗೈ ಮುಷ್ಟಿ ಕಟ್ಟಿ ಅವರ ಮೂಗಿನ ಕೆಳಗೆ ಹಿಡಿದಳು.

“ಇದೇನು ಹೇಳಿ.”

ಭಾವ ಉಸಿರು ಎಳೆದರು. ತುಂಬ ಹೊತ್ತು ಕಾದರು. ಕೊನೆಗೆ, “ಲವಂಗ,” ಅಂದರು.

ಅಕ್ಕ ಅವರ ಕೈ ಹಿಡಿದು ತನ್ನ ಮುಷ್ಟಿಯ ಮೇಲೆ ಇಟ್ಟು ಬಿಚ್ಚಿದಳು. ಭಾವ ಕಣ್ಣು ತೆರೆದರು. ಅಂಗೈಯಲ್ಲಿ ಏನೂ ಇರಲಿಲ್ಲ.

“ಯಾವಾಗಿಂದ?” ಅಂತ ಕೇಳಿದಳು.

ಭಾವ ಮೇಜನ್ನು ನೋಡಿದರು. ಜ್ವರ ಬಂದಾಗಿನಿಂದ ಎಂದರು.

ಅಕ್ಕ ಕಿರುಚಾಡುವವಳಲ್ಲ. ಕಿರುಚಾಡಿದ್ದರೆ ಚೆನ್ನಾಗಿತ್ತು. “ಬೆಣ್ಣೆ ಕಮಟು ಅಂತ ನಂಗೆ ಅನ್ಸಿತ್ತು,” ಅಂದಳು. “ಒಂದು ಸಲ ಅಲ್ಲ, ದಿನಾ ಅನ್ಸ್ತಿತ್ತು. ನೀವು ಚೆನ್ನಾಗಿದೆ ಅಂದ್ರಿ. ನನ್ನ ಮೂಗೇ ಕೆಟ್ಟಿದೆ ಅಂದ್ಕೊಂಡೆ. ನನ್ನ ಕೈಯೇ ಹೋಯ್ತು ಅಂದ್ಕೊಂಡೆ. ಅಂಗಡಿ ಮುಚ್ಚೋಕೆ ಹೊರಟಿದ್ದೆನಲ್ಲ, ಆಗಲೂ ನಿಮಗೆ ಬಾಯಿ ಬರಲಿಲ್ಲ.” ಎದ್ದು ಹೊರಗೆ ಹೋದಳು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಟೈಮ್‌ಟೇಬಲ್ಲಿನಲ್ಲಿ ಇರಲಿಲ್ಲ. ಒಡತಿ ಹೊಸ ಬಾಟಲಿ ತಂದಿಟ್ಟು, ಕೋಣೆಯ ಹವಾ ನೋಡಿ, ತನಗೇನೋ ಕೆಲಸ ನೆನಪಾಯಿತೆಂದು ಮಾಯವಾದಳು. ನನ್ನ ಹೆಂಡತಿ ಅತ್ತಿಗೆಯ ಹಿಂದೆ ಹೋದಳು. ಹೋಗುವ ಮೊದಲು ಹೊಸ ಬಾಟಲಿಯಿಂದ ತನ್ನ ಲೋಟಕ್ಕೂ ಇನ್ನೊಂದು ಲೋಟಕ್ಕೂ ಹಾಕಿಕೊಂಡಳು. ಉಳಿದವರು ನಾನು ಮತ್ತು ಸುಪ್ರೀಂ ಕೋರ್ಟು.

ಜಾಣತನದ ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಭಾವನ ಮುಖ ನೋಡಿ ನುಂಗಿಕೊಂಡೆ. ಅವರೇ ಶುರುಮಾಡಿದರು. ವಾರದೊಳಗೆ ಸರಿಹೋಗುತ್ತದೆ ಅಂದುಕೊಂಡಿದ್ದರಂತೆ. ಉಪ್ಪು, ಸಿಹಿ, ಹುಳಿ ನಾಲಿಗೆಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲೇ ಹೇಗೋ ದಬ್ಬಿದರೆ ಸಾಕು ಅಂದುಕೊಂಡರು. ವಾರ ತಿಂಗಳಾಯಿತು. ಮೂಗನ್ನು ಕೂರಲು ಬಿಡಬಾರದು, ದಿನಾ ವಾಸನೆ ತೋರಿಸಿ ಎಬ್ಬಿಸಬೇಕು ಎಂದು ಎಲ್ಲೋ ಓದಿದರು. ಅದಕ್ಕೇ ಆ ಬಾಟಲಿಗಳು. ಅವುಗಳಿಂದ ಏನೂ ಆಗಲಿಲ್ಲ. ಆಗ ವೈನಿನ ಪುಸ್ತಕವೊಂದು ಕೈಗೆ ಸಿಕ್ಕಿತು.

“ಒಂದು ಲೋಟದಲ್ಲಿ ನೂರಾರು ವಾಸನೆ ಇರ್ತಾವಂತೆ,” ಅಂದರು. “ಅದರಲ್ಲಿ ಒಂದಾದ್ರೂ ಬಾಗಿಲು ತಟ್ಟೀತು ಅಂದ್ಕೊಂಡೆ.”

ಅಕ್ಕನಿಗೆ ಹೇಳಬಹುದಿತ್ತಲ್ಲ ಎಂದೆ.

“ಕಾಲೇಜಲ್ಲಿ ನನ್ನ ಚೌಕಗಳನ್ನೆಲ್ಲ ಈಗ ಕಂಪ್ಯೂಟರ್ ತುಂಬ್ತಿದೆ. ಮನೇಲಿ ನನ್ನನ್ನ ಯಾರೂ ಏನೂ ಕೇಳೋದಿಲ್ಲ. ಬೆಳಿಗ್ಗೆ ಅವಳೊಬ್ಬಳು ಮೆಟ್ಟಿಲು ಹತ್ತಿ ಬಂದು, ಹೇಗಿದೆ ಹೇಳಿ ಅಂತಾಳೆ. ಗೊತ್ತಾಗ್ತಿಲ್ಲ ಅಂದ್ರೆ ನಾಳೆಯಿಂದ ಬರೋದಿಲ್ಲವಲ್ಲ.”

ಅಷ್ಟೂ ದಿನ ಕಿಟಕಿಯ ಬಳಿ ನಿಂತ ಮನುಷ್ಯನನ್ನು ನೋಡಿ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ನಗುವ ವಿಷಯದಲ್ಲಿ ಮಾತ್ರ ನಾನು ಯಾವತ್ತೂ ಸಮಯಕ್ಕೆ ಸರಿಯಾಗಿ ಹಾಜರು.

ಹೊರಗೆ ಅಕ್ಕ ತೋಟದ ಅಂಚಿನ ಮೋಟುಗೋಡೆಯ ಮೇಲೆ ಕೂತಿದ್ದಳು. ನನ್ನ ಹೆಂಡತಿ ಪಕ್ಕದಲ್ಲಿ. ಇಬ್ಬರ ಕೈಯಲ್ಲೂ ಲೋಟ. ಉಗುಳುವ ಪಾತ್ರೆ ಹತ್ತಿರದಲ್ಲೆಲ್ಲೂ ಇರಲಿಲ್ಲ. ನಾನು ರಾಯಭಾರಿಯಾಗಿ ಹೋಗಿ ಭಾವ ಹೇಳಿದ್ದನ್ನು ಇದ್ದ ಹಾಗೇ ಒಪ್ಪಿಸಿದೆ. ಅಕ್ಕ ಕೇಳಿಸಿಕೊಂಡಳು. ಅಯ್ಯೋ ಪಾಪ ಅನ್ನಲಿಲ್ಲ. ಮೂಗು ಹೋದದ್ದಕ್ಕೆ ತನಗೆ ಸಿಟ್ಟಿಲ್ಲ, ಅದು ಯಾರಿಗಾದರೂ ಆಗಬಹುದು. ಆದರೆ ತನ್ನನ್ನು ತಾನೇ ನಂಬದ ಹಾಗೆ ಮಾಡಿದರಲ್ಲ, ಅದನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಎಂದಳು. ಮನೆಗೆ ಹೋಗೋಣವೇ ಎಂದು ಕೇಳಿದೆ. ಯಾಕೆ ಹೋಗಬೇಕು, ಇನ್ನೂ ಒಂದು ಪೀರಿಯಡ್ ಬಾಕಿ ಇದೆಯಲ್ಲ ಎಂದು ಎದ್ದು, ಬಟ್ಟೆಗೆ ಅಂಟಿದ ಧೂಳು ಕೊಡವಿಕೊಂಡಳು. ನನ್ನ ಹೆಂಡತಿ ಅವಳಿಗಿಂತ ಮೊದಲೇ ಗಾಡಿ ಹತ್ತಿದ್ದಳು.

ನಾಲ್ಕನೆಯ ವೈನರಿಗೆ ಹೋಗುವವರೆಗೆ ಗಾಡಿಯಲ್ಲಿ ಇಂಜಿನ್ ಬಿಟ್ಟು ಬೇರೆ ಯಾರೂ ಮಾತಾಡಲಿಲ್ಲ. ಅದು ಎಲ್ಲಕ್ಕಿಂತ ದೊಡ್ಡದು, ಬಸ್ಸಿನಲ್ಲಿ ಬಂದ ಜನ ತುಂಬಿಕೊಂಡಿದ್ದರು. ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂರಿಸಿ, ವಿವರಿಸುವ ಹೆಂಗಸು ಮೈಕ್ ಹಿಡಿದುಕೊಂಡು, ಈ ಲೋಟದಲ್ಲಿ ನಿಮಗೆ ಯಾವ ಪರಿಮಳ ಸಿಗ್ತಿದೆ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಒಬ್ಬರಿಗೆ ಚಾಕಲೇಟ್ ಸಿಕ್ಕಿತು, ಒಬ್ಬರಿಗೆ ಹೊಗೆ, ಒಬ್ಬ ಧಡಿಯನಿಗೆ ಬಾಲ್ಯ ಸಿಕ್ಕಿತು. ಮೈಕ್ ಭಾವನ ಮುಂದೆ ಬಂತು. ಈ ಮನುಷ್ಯ ಈಗ ಯಾವ ಡ್ರಾಯರ್ ಎಳೆಯುತ್ತಾರೋ ಎಂದುಕೊಂಡೆ.

“ನನಗೆ ವಾಸನೆ ಬರೋದಿಲ್ಲ,” ಅಂದರು ಭಾವ. ಮೈಕಿನಲ್ಲಿ ಹಾಲಿಗೆಲ್ಲ ಕೇಳಿಸಿತು. “ಮೂಗು ಕೆಲಸ ಮಾಡ್ತಿಲ್ಲ.”

ಜನ ಇದನ್ನು ತಮಾಷೆಯೆಂದು ತಿಳಿದು ನಕ್ಕರು. ಮೈಕಿನವಳು ಅಭ್ಯಾಸಬಲದಿಂದ ತಾನೂ ನಕ್ಕು, ಹಾಗಾದರೆ ನಾಲಿಗೆಗೆ ಏನನ್ನಿಸುತ್ತದೆ ಎಂದಳು. ಭಾವ ಒಂದು ಗುಟುಕು ಕುಡಿದರು, ಬಾಯಲ್ಲಿ ಆಡಿಸಿದರು, ಕಣ್ಣು ಮುಚ್ಚಲಿಲ್ಲ. ಒಗರು, ನಾಲಿಗೆ ಒಣಗಿಸುತ್ತದೆ, ನನಗೆ ಹಿಡಿಸಲಿಲ್ಲ ಎಂದರು. ಇಡೀ ದಿನದಲ್ಲಿ ವೈನ್ ಬಗ್ಗೆ ಅವರು ಪುಸ್ತಕದಿಂದ ಎತ್ತದೆ ಹೇಳಿದ ಮೊದಲ ಮಾತು. ಮೈಕು ಅವಸರದಿಂದ ಮುಂದಿನ ಮೇಜಿಗೆ ಹೋಯಿತು.

ಅಕ್ಕ ಅವರ ಕಡೆ ತಿರುಗಲಿಲ್ಲ. ತನ್ನ ಲೋಟ ಮೂಸಿದಳು. ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ಎದುರಿನ ಗೋಡೆ ನೋಡುತ್ತ, “ನೇರಳೆ. ಸ್ವಲ್ಪ ಮೆಣಸು. ಕೊನೇಲಿ ಸುಟ್ಟ ಸಕ್ಕರೆ,” ಅಂದಳು. ಭಾವ ತಲೆಯಾಡಿಸಿದರು. ಮುಂದಿನ ಲೋಟ ಬಂದಾಗ ಅದಕ್ಕೂ ಹೇಳಿದಳು. ಬೇರೆ ಮಾತಿಲ್ಲ. ಸಂಜೆ ವಾಪಸ್ಸು ಬರುವಾಗ ಭಾವ ಹಿಂದಿನ ಸೀಟಿನಲ್ಲಿ ಮಡಿಚಿಟ್ಟುಕೊಂಡ ಟೈಮ್‌ಟೇಬಲ್ಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ನನ್ನ ಹೆಂಡತಿ ನಿದ್ದೆಹೋಗಿದ್ದಳು, ದಿನ ಸಾರ್ಥಕವಾದವರ ನಿದ್ದೆ.

ಆಮೇಲಿನದ್ದು ಹೇಳಬೇಕೆಂದರೆ, ಅಕ್ಕ ಬೆಣ್ಣೆ ಕೊಡುವವನನ್ನು ಬದಲಾಯಿಸಿದಳು. ಹಳಬ ಫ್ರಿಜ್ ಕೆಟ್ಟರೂ ಹಾಗೇ ನಡೆಸುತ್ತಿದ್ದನಂತೆ. ಕ್ಯಾಂಟೀನಿಗೂ ಎದುರುಮನೆಗೂ ತಾನೇ ಬುಟ್ಟಿ ಹಿಡಿದುಕೊಂಡು ಹೋಗಿ, ಇಷ್ಟು ದಿನ ಏನಾಗಿತ್ತು ಎಂದು ಬಿಡಿಸಿ ಹೇಳಿ ಬಂದಳು. ಯಾರ ಮರ್ಯಾದೆಯನ್ನೂ ಉಳಿಸಲಿಲ್ಲ. ಒಂದು ವಾರದೊಳಗೆ ಭಾವನ ಮೂಗು ಇಡೀ ಬೀದಿಗೆ ಪರಿಚಯವಾಯಿತು. ಹೊರಗೆ ಬಂದರೆ ಜನ ಆರೋಗ್ಯ ಕೇಳುವಾಗ ಕಣ್ಣು ನೋಡದೆ ಮೂಗನ್ನೇ ನೋಡುತ್ತಿದ್ದರು. ಅದೇ ಅವರ ಶಿಕ್ಷೆ. ಮೂಗಿನ ಡಾಕ್ಟರು ಎರಡೂ ಹೊಳ್ಳೆಗೆ ಬೆಳಕು ಬಿಟ್ಟು ನೋಡಿ, ಬರಬಹುದು, ಬರದೆಯೂ ಇರಬಹುದು ಎಂದರು. ಇಷ್ಟು ಹೇಳಲು ಎಷ್ಟೆಲ್ಲ ಓದಬೇಕಾಗುತ್ತದೆ ನೋಡಿ.

ಭಾವನ ಹಳೆಯ ಹುದ್ದೆ ನನ್ನ ಹೆಂಡತಿಯ ಪಾಲಾಯಿತು. ಡ್ಯೂಟಿಗೆ ಹೋಗುವ ದಾರಿಯಲ್ಲಿ ಬಂದು ತೀರ್ಪು ಕೊಟ್ಟು ಹೋಗುತ್ತಾಳೆ. ಭಾವನನ್ನು ಅಕ್ಕ ಕೌಂಟರಿನಲ್ಲಿ ಕೂರಿಸಿದಳು. ಸುಮ್ಮನೆ ಕೂರುವವರೇ? ಯಾವ ಗಿರಾಕಿ ಯಾವ ಹೊತ್ತಿಗೆ ಏನು ಕೇಳುತ್ತಾರೆಂದು ಗಮನಿಸಿ, ಬಿಸಿ ಬನ್ನು ಆಗಲೇ ಹೊರಗೆ ಬರುವ ಹಾಗೆ ಓವನಿಗೆ ಹೊತ್ತು ನಿಗದಿ ಮಾಡಿದರು. ಅಕ್ಕ ಬೈದುಕೊಂಡೇ ಒಪ್ಪಿದಳು. ಮಾತುಕತೆ ಶುರುವಾಗಿದೆ, ಆದರೆ ಮುಂಚಿನಂತಿಲ್ಲ. ಈಗ ಅವರು ಯಾವುದನ್ನು ಹೊಗಳಿದರೂ ಅಕ್ಕ ಒಂದು ಕ್ಷಣ ನಿಂತು ಮುಖ ನೋಡಿ, ಆಮೇಲೆ ಮುಂದಕ್ಕೆ ಹೋಗುತ್ತಾಳೆ.

ಮೊನ್ನೆ ಬೀದಿಯಲ್ಲಿ ಚರಂಡಿ ಕಟ್ಟಿಕೊಂಡು, ಕೆಲಸದವರು ಬಂದು ಅಂಗಡಿಯ ಎದುರಿನ ಮ್ಯಾನ್‌ಹೋಲ್ ತೆಗೆದರು. ಮನೆಮನೆಯ ಕಿಟಕಿಗಳು ಪಟಪಟ ಮುಚ್ಚಿಕೊಂಡವು. ನಾನು ಆಗ ಅಲ್ಲೇ ಇದ್ದೆ, ಕರವಸ್ತ್ರ ಹುಡುಕುತ್ತಿದ್ದೆ. ಭಾವ ಕೌಂಟರಿನಿಂದ ಎದ್ದು ಬಾಗಿಲಿಗೆ ಬಂದರು. ಬಾಗಿಲಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಬೀದಿಗೆ ಇಳಿದರು. ಗುಂಡಿಯ ಅಂಚಿನಲ್ಲಿ ನಿಂತು ಮುಂದಕ್ಕೆ ಬಗ್ಗಿದರು. ಅಕ್ಕ ಏಪ್ರನ್ ತುದಿಯನ್ನು ಮೂಗಿಗೆ ಒತ್ತಿಕೊಂಡು ಹಿಂದೆಯೇ ಹೋದಳು. ಏನಾಗುತ್ತಿದೆ ಎಂದು ಕೇಳಿದಳು. ಭಾವ ಕೈ ಎತ್ತಿ ಸುಮ್ಮನಿರಲು ಹೇಳಿದರು. ಏನೋ ಇದೆ, ತುಂಬ ದೂರದಲ್ಲಿ, ಏನೆಂದು ಗೊತ್ತಾಗುತ್ತಿಲ್ಲ ಎಂದರು. ಅಕ್ಕ ಏಪ್ರನ್ ಕೆಳಗಿಳಿಸಿ ಅವರ ತೋಳು ಹಿಡಿದುಕೊಂಡಳು. ಬೀಳದಿರಲಿ ಎಂದೋ, ಬೇರೆ ಯಾವುದಕ್ಕೋ, ನಾನು ಕೇಳಲಿಲ್ಲ.

ಗುಂಡಿಯೊಳಗೆ ಕೋಲು ಆಡಿಸುತ್ತಿದ್ದವನು ತಲೆ ಎತ್ತಿ, ಸ್ವಲ್ಪ ಹಿಂದೆ ನಿಲ್ಲಿ ಸಾರ್ ಎಂದ. ಭಾವ ನಿಂತಲ್ಲಿಂದ ಕದಲದೆ, ನಾಳೆಯೂ ತೆಗೆಯುತ್ತೀರಾ ಎಂದು ಕೇಳಿದರು. ಕಟ್ಟಿಕೊಂಡರೆ ಫೋನ್ ಮಾಡಿ, ಬರುತ್ತೇವೆ ಎಂದ ಅವನು.